ಬಾಬಾ ಬುಡನ್

ಬಾಬಾ ಬುಡನ್ ಅವರು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ನೆಲೆಸಿದ್ದ ಸೂಫಿ ಸಂತರು. ಪರಂಪರೆಯಿಂದ ಬಂದ ನಂಬಿಕೆಯಂತೆ ಅವರು 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆಯನ್ನು ಮುಗಿಸಿ ಹಿಂದಿರುಗುವಾಗ ಯೆಮೆನ್ ದೇಶದ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಈ ಬೆಟ್ಟಗಳಲ್ಲಿ ಬಿತ್ತಿದರು. ಭಾರತದಲ್ಲಿ ಕಾಫಿ ಕೃಷಿಯ ಆರಂಭವನ್ನು ಈ ಘಟನೆಯಿಂದಲೇ ಗುರುತಿಸಲಾಗುತ್ತದೆ. ಅವರು ವಾಸವಾಗಿದ್ದ ಬೆಟ್ಟಗಳಿಗೆ ಬಾಬಾಬುಡನ್‌ಗಿರಿ ಎಂಬ ಹೆಸರು ಬಂದಿದೆ.

ಕಾಫಿಯು ಇಂದು ದಕ್ಷಿಣ ಕರ್ನಾಟಕದ ಮನೆಮನೆಯ ಪಾನೀಯವಾಗಿದೆ. ಆದರೆ ಅದು ಮೊದಲು ಬಳಕೆಗೆ ಬಂದದ್ದು ರುಚಿಗಾಗಿ ಅಲ್ಲ, ನಿದ್ರೆಯನ್ನು ದೂರವಿಡುವ ಗುಣಕ್ಕಾಗಿ. ಈ ಗುಣಕ್ಕೆ ಕಾರಣವಾದ ಕೆಫೀನ್ ಎಂಬ ಉತ್ತೇಜಕವನ್ನು ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದ್ದು 1819ರಲ್ಲಿ. ಅದಕ್ಕೂ ಬಹಳ ಹಿಂದೆಯೇ ಸೂಫಿ ಸಾಧಕರು ಅದರ ಪರಿಣಾಮವನ್ನು ಅನುಭವದಿಂದ ಅರಿತಿದ್ದರು. ಬಾಬಾ ಬುಡನ್ ಅವರ ಜೀವನಕಥೆಯು ಈ ಅರಿವಿನೊಂದಿಗೆ ಹೆಣೆದುಕೊಂಡಿದೆ.

ಹೆಸರು ಮತ್ತು ಗುರುತು

ಬಾಬಾ ಎಂಬುದು ಹಿರಿಯರನ್ನೂ ಸಂತರನ್ನೂ ಗೌರವದಿಂದ ಕರೆಯುವ ಪದ. ಬುಡನ್ ಎಂಬುದು ದಕ್ಷಿಣ ಭಾರತದ ಮುಸ್ಲಿಮರಲ್ಲಿ ರೂಢಿಯಲ್ಲಿರುವ ಹೆಸರು. ಬುಡನ್‌ಸಾಬ್ ಎಂಬ ರೂಪದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಅದು ಇಂದಿಗೂ ಕೇಳಿಬರುತ್ತದೆ.

ಗಿರಿಯ ಗುಹೆಯೊಂದಿಗೆ ದಾದಾ ಹಯಾತ್ ಮೀರ್ ಖಲಂದರ್ ಎಂಬ ಮತ್ತೊಬ್ಬ ಸಂತರ ಹೆಸರೂ ಸೇರಿಕೊಂಡಿದೆ. ಈ ಎರಡು ಹೆಸರುಗಳು ಒಬ್ಬರೇ ವ್ಯಕ್ತಿಯವು ಎಂಬುದು ಒಂದು ಪರಂಪರೆ. ದಾದಾ ಹಯಾತ್ ಅವರು ಅರಬ್ ನಾಡಿನಿಂದ ಬಹಳ ಹಿಂದೆಯೇ ಬಂದವರು, ಬಾಬಾ ಬುಡನ್ ಅವರು ಅದೇ ಸ್ಥಳದಲ್ಲಿ ನಂತರದ ಕಾಲದಲ್ಲಿ ನೆಲೆಸಿದ ಉತ್ತರಾಧಿಕಾರಿ ಎಂಬುದು ಇನ್ನೊಂದು ಪರಂಪರೆ. ಖಲಂದರ್ ಎಂದರೆ ಆಸ್ತಿಪಾಸ್ತಿಗಳ ಹಂಗಿಲ್ಲದೆ ಊರೂರು ಸುತ್ತುವ ಫಕೀರ. ಸಂತರ ಹುಟ್ಟೂರು, ತಂದೆತಾಯಿ ಹಾಗೂ ಜನ್ಮವರ್ಷಗಳನ್ನು ಹೇಳುವ ಸಮಕಾಲೀನ ಬರಹಗಳು ಉಳಿದುಬಂದಿಲ್ಲ. ಅವರ ಬಾಳಿನ ಕಥೆಯು ಜನರ ನೆನಪಿನಲ್ಲಿ, ಸ್ಥಳದ ಆಚರಣೆಗಳಲ್ಲಿ ಮತ್ತು ಮಲೆನಾಡಿನ ತೋಟಗಳಲ್ಲಿ ಉಳಿದುಕೊಂಡಿದೆ.

ಹಿನ್ನೆಲೆ: ಸಾಧಕರ ಪಾನೀಯ

ಕಾಫಿ ಗಿಡದ ಮೂಲ ನೆಲೆ ಇಥಿಯೋಪಿಯಾದ ಮಲೆಕಾಡುಗಳು. ಅಲ್ಲಿಂದ ಕೆಂಪು ಸಮುದ್ರವನ್ನು ದಾಟಿ ಅದು ಯೆಮೆನ್ ತಲುಪಿತು. 15ನೇ ಶತಮಾನದ ಹೊತ್ತಿಗೆ ಯೆಮೆನ್‌ನ ಸೂಫಿ ಸಾಧಕರು ಅದರ ಕಷಾಯವನ್ನು ಕುಡಿಯುವುದನ್ನು ರೂಢಿಸಿಕೊಂಡಿದ್ದರು. ರಾತ್ರಿಯಿಡೀ ದೇವರ ನಾಮವನ್ನು ಸ್ಮರಿಸುವ ಧಿಕ್ರ್ ಎಂಬ ಸಾಧನೆಯಲ್ಲಿ ತೂಕಡಿಕೆ ದೊಡ್ಡ ಅಡ್ಡಿಯಾಗಿತ್ತು. ಅದನ್ನು ನಿವಾರಿಸಲು ಈ ಪಾನೀಯವು ನೆರವಾಯಿತು.

16ನೇ ಶತಮಾನದ ಅರಬ್ ಲೇಖಕ ಅಲ್ ಜಝೀರಿ ಕಾಫಿಯ ಬಗ್ಗೆ ಒಂದು ಗ್ರಂಥವನ್ನೇ ಬರೆದಿದ್ದಾನೆ. ಕೈರೋ ನಗರದಲ್ಲಿದ್ದ ಯೆಮೆನಿ ಸೂಫಿಗಳು ಸೋಮವಾರ ಮತ್ತು ಶುಕ್ರವಾರದ ರಾತ್ರಿಗಳಲ್ಲಿ ಕೂಡಿ ಕುಳಿತು, ಕೆಂಪು ಮಣ್ಣಿನ ದೊಡ್ಡ ಪಾತ್ರೆಯಿಂದ ಕಾಫಿಯನ್ನು ಹಂಚಿಕೊಂಡು ಕುಡಿಯುತ್ತಿದ್ದ ಪದ್ಧತಿಯನ್ನು ಅವನು ದಾಖಲಿಸಿದ್ದಾನೆ. ಏಡನ್ ನಗರದಲ್ಲಿ ಮೊದಲು ಖಾತ್ ಎಂಬ ಉತ್ತೇಜಕ ಎಲೆಯ ಕಷಾಯವಿತ್ತೆಂದೂ ಅದು ಸಿಗದಿದ್ದಾಗ ಅಲ್ ಧಭಾನಿ ಎಂಬ ಸೂಫಿ ವಿದ್ವಾಂಸರು ಕಾಫಿಯನ್ನು ಬಳಸಲು ಸೂಚಿಸಿದರೆಂದೂ ಒಂದು ಕಥನವಿದೆ. ಒಂದು ಉತ್ತೇಜಕದ ಸ್ಥಾನಕ್ಕೆ ಮತ್ತೊಂದು ಉತ್ತೇಜಕವು ಬಂದಿತೆಂಬುದು ಇದರ ತಾತ್ಪರ್ಯ. ಕಾಫಿಗೆ ಅರಬ್ಬಿಯಲ್ಲಿ ಸಂದ ಕಹ್ವಾ ಎಂಬ ಹೆಸರು ಅದಕ್ಕೂ ಮೊದಲು ದ್ರಾಕ್ಷಾಮದ್ಯಕ್ಕೆ ಸಲ್ಲುತ್ತಿದ್ದ ಪದವಾಗಿತ್ತು.

ಮನಸ್ಸಿನ ಮೇಲೆ ಪರಿಣಾಮ ಬೀರುವ ಪಾನೀಯವೆಂಬ ಕಾರಣದಿಂದಲೇ ಕಾಫಿಯು ಧರ್ಮಶಾಸ್ತ್ರದ ವಿವಾದಕ್ಕೂ ಸಿಲುಕಿತು. 1511ರಲ್ಲಿ ಮೆಕ್ಕಾದ ಅಧಿಕಾರಿಯಾಗಿದ್ದ ಖೈರ್ ಬೇಗ್ ರಾತ್ರಿ ಹೊತ್ತು ಗುಂಪಾಗಿ ಕಾಫಿ ಕುಡಿಯುತ್ತಿದ್ದವರನ್ನು ಕಂಡು ವಿದ್ವಾಂಸರ ಸಭೆಯನ್ನು ಕರೆದ. ವೈದ್ಯರ ಸಾಕ್ಷ್ಯವನ್ನೂ ಪಡೆದು ಕಾಫಿಯನ್ನು ನಿಷೇಧಿಸಲಾಯಿತು. ದಾಸ್ತಾನನ್ನು ಬೀದಿಯಲ್ಲಿ ಸುಡಲಾಯಿತು. ಕೈರೋದಲ್ಲಿದ್ದ ಸುಲ್ತಾನನ ಆಸ್ಥಾನವು ಈ ನಿಷೇಧವನ್ನು ಪೂರ್ಣವಾಗಿ ಒಪ್ಪಲಿಲ್ಲ, ಕೆಲಕಾಲದಲ್ಲೇ ಅದು ಸಡಿಲವಾಯಿತು. 1633ರಲ್ಲಿ ಆಟೊಮನ್ ಸುಲ್ತಾನ ನಾಲ್ಕನೇ ಮುರಾದ್ ಇಸ್ತಾಂಬುಲಿನ ಕಾಫಿ ಅಂಗಡಿಗಳನ್ನು ಮುಚ್ಚಿಸಿದ. ಇಂತಹ ಅಡೆತಡೆಗಳ ನಡುವೆಯೂ ಕಾಫಿಯು ಮಸೀದಿಯ ಅಂಗಳದಿಂದ ಪೇಟೆಗೆ, ಪೇಟೆಯಿಂದ ಮನೆಗೆ ಹರಡಿತು. ಬಾಬಾ ಬುಡನ್ ಅವರು ಮೆಕ್ಕಾಕ್ಕೆ ಹೋದ ಕಾಲಕ್ಕೆ ಅದು ಯಾತ್ರಿಕರೆಲ್ಲರಿಗೂ ಪರಿಚಿತವಾದ ಪಾನೀಯವಾಗಿತ್ತು.

ಮೋಖಾ ಮತ್ತು ಬೀಜದ ಕಾವಲು

17ನೇ ಶತಮಾನದಲ್ಲಿ ಜಗತ್ತಿನ ಕಾಫಿ ವ್ಯಾಪಾರವು ಬಹುಮಟ್ಟಿಗೆ ಯೆಮೆನ್‌ನ ಕೈಯಲ್ಲಿತ್ತು. ಬೆಟ್ಟದ ಇಳಿಜಾರುಗಳಲ್ಲಿ ಕಟ್ಟಿದ ಮೆಟ್ಟಿಲು ಗದ್ದೆಗಳಲ್ಲಿ ಬೆಳೆದ ಕಾಫಿಯು ಬೈತುಲ್ ಫಕೀಹ್ ಎಂಬ ಪೇಟೆಗೆ ಬಂದು, ಅಲ್ಲಿಂದ ಮೋಖಾ ಬಂದರಿನ ಮೂಲಕ ಹೊರದೇಶಗಳಿಗೆ ಹೋಗುತ್ತಿತ್ತು. ಅರಬ್, ಗುಜರಾತಿ, ಡಚ್ ಮತ್ತು ಇಂಗ್ಲಿಷ್ ವರ್ತಕರು ಅಲ್ಲಿ ವ್ಯಾಪಾರ ಮಾಡುತ್ತಿದ್ದರು.

ಈ ಲಾಭದಾಯಕ ಬೆಳೆಯು ಬೇರೆ ನಾಡುಗಳಲ್ಲಿ ಬೇರೂರದಂತೆ ಎಚ್ಚರ ವಹಿಸಲಾಗುತ್ತಿತ್ತೆಂದು ಕಾಫಿಯ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಹೇಳಲಾಗುತ್ತದೆ. ಹುರಿದ ಅಥವಾ ಬೇಯಿಸಿದ ಬೀಜ ಮೊಳೆಯುವುದಿಲ್ಲ. ಆದುದರಿಂದ ಹುರಿದ ಅಥವಾ ಬೇಯಿಸಿದ ಬೀಜವನ್ನು ಮಾತ್ರ ಹೊರಗೆ ಕಳುಹಿಸಿ, ಮೊಳೆಯಬಲ್ಲ ಬೀಜವನ್ನೂ ಸಸಿಯನ್ನೂ ಒಯ್ಯುವುದನ್ನು ತಡೆಯಲಾಗುತ್ತಿತ್ತು ಎಂಬುದು ಈ ವಿವರಣೆ.

ಭಾರತದಲ್ಲಿ ಕಾಫಿ ಪಾನೀಯದ ಪರಿಚಯವು ಗಿಡ ಬರುವುದಕ್ಕೂ ಮೊದಲೇ ಇತ್ತು. ಜಹಾಂಗೀರನ ಕಾಲದಲ್ಲಿ ಇಂಗ್ಲಿಷ್ ರಾಯಭಾರಿ ಥಾಮಸ್ ರೋ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ, ಇಲ್ಲಿನ ಕೆಲವು ಜನರು ಕಾಫಿ ಕುಡಿಯುತ್ತಿದ್ದುದನ್ನು ಗುರುತಿಸಿದ್ದಾನೆ. ಆ ಬೀಜವೆಲ್ಲ ಹಡಗಿನಲ್ಲಿ ಬಂದ ಸರಕು. ಇಲ್ಲಿನ ನೆಲದಲ್ಲೇ ಬೆಳೆಯುವ ಗಿಡವು ಬೇರೆಯೇ ಸಂಗತಿ. ಬಾಬಾ ಬುಡನ್ ಅವರ ಹೆಸರು ಅಂಟಿಕೊಂಡಿರುವುದು ಅದಕ್ಕೆ.

ಮೆಕ್ಕಾ ಯಾತ್ರೆ ಮತ್ತು ಏಳು ಬೀಜಗಳು

ಹಡಗಿನ ಕಾಲದಲ್ಲಿ ಹಜ್ ಯಾತ್ರೆಯು ತಿಂಗಳುಗಟ್ಟಲೆ ನಡೆಯುವ ಪ್ರಯಾಣವಾಗಿತ್ತು. ಮಾರುತಗಳ ದಿಕ್ಕನ್ನು ನೋಡಿಕೊಂಡು ಹಡಗುಗಳು ಹೊರಡುತ್ತಿದ್ದವು. ಸೂರತ್ ಹಾಗೂ ಪಶ್ಚಿಮ ಕರಾವಳಿಯ ಇತರ ಬಂದರುಗಳು ಕೆಂಪು ಸಮುದ್ರದೊಂದಿಗೆ ನಿಕಟ ಸಂಪರ್ಕವನ್ನು ಹೊಂದಿದ್ದವು. ಕೆಂಪು ಸಮುದ್ರದ ಬಾಯಲ್ಲಿರುವ ಮೋಖಾ ಈ ದಾರಿಯಲ್ಲಿ ಸಹಜವಾದ ತಂಗುದಾಣವಾಗಿತ್ತು.

ಪರಂಪರೆಯ ಪ್ರಕಾರ ಬಾಬಾ ಬುಡನ್ ಅವರು ಮೆಕ್ಕಾದಿಂದ ಮರಳುವಾಗ ಮೋಖಾದಲ್ಲಿ ಏಳು ಹಸಿ ಬೀಜಗಳನ್ನು ಸಂಗ್ರಹಿಸಿದರು. ಅವುಗಳನ್ನು ಎಲ್ಲಿ ಬಚ್ಚಿಟ್ಟುಕೊಂಡರು ಎಂಬ ವಿಷಯದಲ್ಲಿ ಕಥೆಗಳು ಭಿನ್ನವಾಗಿವೆ. ಸೊಂಟಕ್ಕೆ ಬಿಗಿದ ಬಟ್ಟೆಯಲ್ಲಿ ಎಂದು ಕೆಲವರು, ಗಡ್ಡದೊಳಗೆ ಎಂದು ಕೆಲವರು, ಊರುಗೋಲಿನ ಟೊಳ್ಳಿನಲ್ಲಿ ಎಂದು ಮತ್ತೆ ಕೆಲವರು ಹೇಳುತ್ತಾರೆ. ಏಳು ಎಂಬ ಸಂಖ್ಯೆಯು ಇಸ್ಲಾಂ ಪರಂಪರೆಯಲ್ಲಿ ಪವಿತ್ರವೆಂದು ಎಣಿಸಲ್ಪಟ್ಟಿದೆ. ಮೆಕ್ಕಾದ ಕಾಬಾದ ಸುತ್ತ ಯಾತ್ರಿಕರು ಬರುವ ಪ್ರದಕ್ಷಿಣೆಗಳೂ ಏಳು. ಸಂತರು ಒಂದು ಶಾಸನವನ್ನು ಮುರಿದರೂ ಅದರಲ್ಲಿ ಸ್ವಾರ್ಥವಿರಲಿಲ್ಲ ಎಂಬ ಭಾವವನ್ನು ಈ ಸಂಖ್ಯೆಯು ಕಥೆಗೆ ತಂದುಕೊಟ್ಟಿದೆ. ಈ ಘಟನೆಗೆ ಹೆಚ್ಚಾಗಿ ಹೇಳಲಾಗುವ ವರ್ಷ 1670. ಇದನ್ನು 1600ರ ಆಸುಪಾಸಿಗೆ ಒಯ್ಯುವವರೂ ಇದ್ದಾರೆ.

ಕಥೆಯ ಅಲಂಕಾರಗಳನ್ನು ಬದಿಗಿಟ್ಟು ನೋಡಿದರೂ ಘಟನೆಯು ಅಸಂಭವವಾದುದಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಇಟ್ಟ ಅರೇಬಿಕಾ ಬೀಜವು ಕೆಲವು ತಿಂಗಳುಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅನುಕೂಲ ಮಾರುತದಲ್ಲಿ ಹೊರಟ ಹಡಗು ಅಷ್ಟರೊಳಗೆ ಭಾರತದ ಕರಾವಳಿಯನ್ನು ಸೇರಬಲ್ಲದು. ಅರೇಬಿಕಾ ಸ್ವಕೀಯ ಪರಾಗಸ್ಪರ್ಶದಿಂದ ಕಾಯಿ ಕಟ್ಟುವ ಗಿಡ. ಒಂದೇ ಗಿಡವಿದ್ದರೂ ಅದು ಫಲ ಕೊಟ್ಟು ತನ್ನಂತಹದೇ ಸಂತತಿಯನ್ನು ಬೆಳೆಸಬಲ್ಲದು. ಹಾಗಾಗಿ ಬೆರಳೆಣಿಕೆಯ ಬೀಜಗಳಿಂದ ಒಂದು ತೋಟವೇ ಹುಟ್ಟುವುದು ಸಾಧ್ಯ.

ಗಿರಿಯಲ್ಲಿ ವಾಸ

ಯಾತ್ರೆಯಿಂದ ಮರಳಿದ ಬಾಬಾ ಬುಡನ್ ಅವರು ಚಂದ್ರದ್ರೋಣ ಪರ್ವತದಲ್ಲಿ ಗುಡಿಸಲು ಕಟ್ಟಿಕೊಂಡು, ಅದರ ಬಳಿಯಲ್ಲೇ ಬೀಜಗಳನ್ನು ಬಿತ್ತಿದರೆಂದು ಹೇಳಲಾಗುತ್ತದೆ. ಕುದುರೆ ಲಾಳದ ಆಕಾರದಲ್ಲಿ ಬಾಗಿರುವ ಈ ಪರ್ವತಶ್ರೇಣಿಯು ಪಶ್ಚಿಮ ಘಟ್ಟಗಳಿಗೆ ಸೇರಿದೆ. ಕರ್ನಾಟಕದ ಅತ್ಯಂತ ಎತ್ತರದ ಶಿಖರವಾದ 1,930 ಮೀಟರ್‌ಗಳ ಮುಳ್ಳಯ್ಯನಗಿರಿ ಇದೇ ಶ್ರೇಣಿಯಲ್ಲಿದೆ. ತುದಿಗಳು ಹುಲ್ಲುಗಾವಲು, ಕಣಿವೆಗಳು ದಟ್ಟವಾದ ಶೋಲಾ ಕಾಡು. ಇಳಿಜಾರುಗಳ ತಂಪು, ಮರಗಳ ನೆರಳು, ಎಲೆಗೊಬ್ಬರದಿಂದ ಫಲವತ್ತಾದ ಮಣ್ಣು, ಬೇಸಿಗೆಯಲ್ಲಿ ಬೀಳುವ ಹೂಮಳೆ ಇವೆಲ್ಲವೂ ಅರೇಬಿಕಾ ಗಿಡಕ್ಕೆ ಬೇಕಾದವುಗಳೇ.

ಕಾಫಿ ಗಿಡವು ಬಿತ್ತಿದ ಮೂರು ನಾಲ್ಕು ವರ್ಷಗಳ ನಂತರ ಫಲ ಕೊಡುತ್ತದೆ. ಬೀಜವನ್ನು ತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಸಿಯನ್ನು ಮಳೆಗಾಲದ ಕೊಳೆಯಿಂದಲೂ ಬೇಸಿಗೆಯ ಒಣಹವೆಯಿಂದಲೂ ಕಾಪಾಡಬೇಕು. ಬಾಬಾ ಬುಡನ್ ಅವರನ್ನು ಗಿಡ ತಂದವರೆಂದು ಮಾತ್ರ ಸ್ಮರಿಸುವುದುಂಟು. ಆದರೆ ಒಂದೆಡೆ ನಿಂತು ಅದನ್ನು ಸಾಕಿದವರೂ ಅವರೇ ಎಂಬುದು ಪರಂಪರೆಯಲ್ಲಿ ಅಡಗಿರುವ ಅಂಶ. ಊರೂರು ಅಲೆಯುವ ಫಕೀರರೊಬ್ಬರು ಒಂದು ಬೆಟ್ಟದಲ್ಲಿ ನೆಲೆ ನಿಂತದ್ದರಿಂದ ಗಿಡವೂ ನೆಲೆ ನಿಂತಿತು.

ಗಿರಿಯ ಗುಹೆಯ ಆವರಣದಲ್ಲಿ ಸಂತರ ಮತ್ತು ಶಿಷ್ಯರ ಗೋರಿಗಳಿವೆ. ಪಾಳೆಯಗಾರರ ಹಿಂಸೆಯಿಂದ ನೊಂದ ಜನರಿಗೆ ಸಂತರು ಆಶ್ರಯವಾದರೆಂಬ ಐತಿಹ್ಯವೂ ಈ ಸ್ಥಳದ ಬಗ್ಗೆ ಪ್ರಚಲಿತದಲ್ಲಿದೆ.

ಐತಿಹಾಸಿಕ ಆಧಾರಗಳು

ಏಳು ಬೀಜಗಳ ಕಥೆಯನ್ನು ಬರಹದಲ್ಲಿ ಹರಡಿದವು 19ನೇ ಶತಮಾನದ ಗ್ರಂಥಗಳು. ಮೈಸೂರು ಸಂಸ್ಥಾನದ ಗೆಜೆಟಿಯರ್ ಸಂಪಾದಿಸಿದ ಬಿ. ಎಲ್. ರೈಸ್ ಅವರು, ಮೆಕ್ಕಾದಿಂದ ಬಂದ ಬಾಬಾ ಬುಡನ್ ತಾವು ತಂದ ಕೆಲವು ಬೀಜಗಳನ್ನು ಗುಡಿಸಲಿನ ಬಳಿ ಬಿತ್ತಿದರೆಂಬ ಪ್ರತೀತಿಯನ್ನು ದಾಖಲಿಸಿದ್ದಾರೆ. ಘಟನೆಗೂ ಈ ಬರಹಕ್ಕೂ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದೆ.

ಆದರೆ ಗಿಡದ ಚರಿತ್ರೆಯು ಪರೋಕ್ಷವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಡಚ್ಚರು 1696ರಲ್ಲಿ ಮಲಬಾರ್ ಕರಾವಳಿಯಿಂದ ಜಾವಾ ದ್ವೀಪದ ಬಟಾವಿಯಾಕ್ಕೆ ಕಾಫಿಯನ್ನು ಒಯ್ದರು. ಆ ಸಸಿಗಳು ನೆರೆಯಲ್ಲಿ ನಾಶವಾದವು. 1699ರಲ್ಲಿ ಮತ್ತೆ ಒಯ್ದವು ಅಲ್ಲಿ ಬೇರುಬಿಟ್ಟವು. ಎಂದರೆ 17ನೇ ಶತಮಾನವು ಮುಗಿಯುವ ಮೊದಲೇ ಪಶ್ಚಿಮ ಕರಾವಳಿಯ ಹಿನ್ನಾಡಿನಲ್ಲಿ ಕಾಫಿ ಗಿಡಗಳು ಬೆಳೆಯುತ್ತಿದ್ದವು. ಇದು 1670ರ ಪ್ರತೀತಿಗೆ ಹೊಂದಿಕೆಯಾಗುತ್ತದೆ. ಯೆಮೆನ್‌ನಿಂದ ಬೀಜ ತಂದ ಯಾತ್ರಿಕರೂ ವರ್ತಕರೂ ಬಾಬಾ ಬುಡನ್ ಒಬ್ಬರೇ ಆಗಿರಬೇಕಿಲ್ಲ. ಅಂತಹ ಅನೇಕರ ಕೆಲಸವನ್ನು ಜನರ ನೆನಪು ಒಬ್ಬರ ಹೆಸರಿನಲ್ಲಿ ಉಳಿಸಿಕೊಂಡಿರುವುದೂ ಸಾಧ್ಯ.

ಜಾವಾದಿಂದ 1706ರಲ್ಲಿ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಸಂತತಿಯ ಒಂದು ಗಿಡವು 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೆ ಕಾಣಿಕೆಯಾಗಿ ಸಂದಿತು. 1720ರ ದಶಕದ ಮೊದಲಲ್ಲಿ ಗೇಬ್ರಿಯಲ್ ದ ಕ್ಲಿಯು ಎಂಬ ಫ್ರೆಂಚ್ ಅಧಿಕಾರಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪಕ್ಕೆ ಕಾಫಿ ಗಿಡವನ್ನು ಒಯ್ದ. ಅಮೆರಿಕ ಖಂಡಗಳಲ್ಲಿ ಹರಡಿದ ಟಿಪಿಕಾ ಎಂಬ ತಳಿಯ ದಾರಿ ಇದೇ. ಇತ್ತೀಚಿನ ವಂಶವಾಹಿ ಅಧ್ಯಯನಗಳೂ ಟಿಪಿಕಾ ಮತ್ತು ಬೌರ್ಬಾನ್ ಎಂಬ ಎರಡೂ ಬಗೆಯ ಗಿಡಗಳು ಯೆಮೆನ್‌ನಿಂದ ಭಾರತಕ್ಕೆ ಬಂದಿದ್ದವೆಂದೂ ಟಿಪಿಕಾ ಭಾರತದ ಮೂಲಕವೇ ಜಾವಾ ತಲುಪಿತೆಂದೂ ಸೂಚಿಸಿವೆ.

ಕಾಫಿ ಕೃಷಿಯ ವಿಸ್ತರಣೆ

ಬಹುಕಾಲ ಕಾಫಿಯು ಮಲೆನಾಡಿನ ಮನೆಗಳ ಹಿತ್ತಲು ಬೆಳೆಯಾಗಿತ್ತು. ಮೈಸೂರು ಸರ್ಕಾರವು ಅದರ ಮೇಲೆ ವಾರ ಪದ್ಧತಿಯಲ್ಲಿ ಬೆಳೆಯ ಅರ್ಧ ಪಾಲನ್ನು ಪಡೆಯುತ್ತಿತ್ತು. 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಬಾಬಾಬುಡನ್‌ಗಿರಿಯ ದಕ್ಷಿಣದ ಬೆಟ್ಟಗಳಲ್ಲಿ ದೊಡ್ಡ ತೋಟವನ್ನು ಆರಂಭಿಸಿದ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ತೋಟ ಮಾಡಿದ. ಸ್ಥಳೀಯ ರೈತರೂ ಕಾಡಿನ ಮರಗಳ ನೆರಳಿನಲ್ಲಿ ಕಾಫಿಯನ್ನು ಬೆಳೆಸಿದರು. ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಕೂಲಿಕಾರರು ಬಂದರು. ಅವರ ದುಡಿಮೆಯಿಂದ ಚಿಕ್ಕಮಗಳೂರು, ಹಾಸನ ಮತ್ತು ಕೊಡಗಿನ ಬೆಟ್ಟಗಳ ರೂಪವೇ ಬದಲಾಯಿತು.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರವು ಸ್ಥಾಪನೆಯಾಯಿತು. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಕಾಫಿ ಮಂಡಳಿಯು ಕಾರ್ಯಪ್ರವೃತ್ತವಾಯಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಬೆಳೆಗಾರರ ಕಾಫಿಯನ್ನೆಲ್ಲ ಮಂಡಳಿಯೇ ಒಟ್ಟುಗೂಡಿಸಿ ಮಾರುವ ಪದ್ಧತಿಯು 1990ರ ದಶಕದಲ್ಲಿ ಕೊನೆಗೊಂಡಿತು. ಇಂದು ದೇಶದ ಒಟ್ಟು ಕಾಫಿ ಉತ್ಪಾದನೆಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು.

ಏಳು ಬೀಜಗಳ ಮಿತಿ

ಕೆಲವೇ ಗಿಡಗಳಿಂದ ಹರಡಿದ ಬೆಳೆಯಲ್ಲಿ ವೈವಿಧ್ಯ ಕಡಿಮೆ. ಒಂದು ಗಿಡಕ್ಕೆ ತಗಲುವ ರೋಗ ಎಲ್ಲ ಗಿಡಗಳಿಗೂ ತಗಲುತ್ತದೆ. ಗಿರಿಯ ಮೂಲ ತಳಿಯನ್ನು ಬೆಳೆಗಾರರು ಚಿಕ್ ಎಂದು ಕರೆಯುತ್ತಿದ್ದರು. 19ನೇ ಶತಮಾನದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವೂ ಎಲೆತುಕ್ಕು ರೋಗವೂ ಈ ತಳಿಯನ್ನು ಬಹುಮಟ್ಟಿಗೆ ಅಳಿಸಿದವು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ಅಲ್ಲಿನ ಕಾಫಿ ತೋಟಗಳನ್ನು ಹಾಳುಗೆಡವಿತು; ಆ ಜಾಗದಲ್ಲಿ ಚಹಾ ತೋಟಗಳು ಬಂದವು.

ಮೈಸೂರು ಸೀಮೆಯಲ್ಲಿ ಚಿಕ್ ತಳಿಯ ಸ್ಥಾನಕ್ಕೆ ಕೂರ್ಗ್ ತಳಿಯೂ ಆನಂತರ ಕೆಂಟ್ಸ್ ತಳಿಯೂ ಬಂದವು. ಬಾಳೆಹೊನ್ನೂರಿನ ವಿಜ್ಞಾನಿಗಳು ಅರೇಬಿಕಾ ಮತ್ತು ಲೈಬೀರಿಕಾ ಗಿಡಗಳ ಸಹಜ ಮಿಶ್ರತಳಿಯ ಸಂತತಿಯನ್ನು ಕೆಂಟ್ಸ್ ಜೊತೆ ಸಂಕರಗೊಳಿಸಿ ಎಸ್ 795 ಎಂಬ ತಳಿಯನ್ನು ರೂಪಿಸಿದರು. 1940ರ ದಶಕದಲ್ಲಿ ಬಿಡುಗಡೆಯಾದ ಈ ತಳಿಯು ಮಲೆನಾಡಿನಲ್ಲಿ ವ್ಯಾಪಕವಾಗಿ ಹರಡಿತು. ರೋಗವನ್ನು ಹೆಚ್ಚು ತಾಳಿಕೊಳ್ಳುವ ರೊಬಸ್ಟಾ ಜಾತಿಯೂ ಬಂದಿತು. ಇಂದು ಭಾರತದ ಉತ್ಪಾದನೆಯಲ್ಲಿ ಅದರ ಪಾಲೇ ಹೆಚ್ಚು. ಹೀಗೆ ಬಾಬಾ ಬುಡನ್ ಅವರ ಗಿರಿಯಲ್ಲಿ ಇಂದು ನಿಂತಿರುವ ಗಿಡಗಳು ಬಹುಪಾಲು ಅವರ ಬೀಜಗಳ ನೇರ ಸಂತತಿಯಲ್ಲ.

ಬೀಜದೊಳಗಿನ ಉತ್ತೇಜಕ

ಸೂಫಿಗಳು ಅನುಭವದಿಂದ ಅರಿತಿದ್ದ ಗುಣದ ಕಾರಣವನ್ನು ಹುಡುಕಿದವರು ಯುರೋಪಿನ ವಿಜ್ಞಾನಿಗಳು. ಜರ್ಮನ್ ಕವಿ ಗಯಟೆ 1819ರಲ್ಲಿ ತರುಣ ರಸಾಯನಶಾಸ್ತ್ರಜ್ಞ ಫರ್ಡಿನಾಂಡ್ ರುಂಗೆಗೆ ಕಾಫಿ ಬೀಜಗಳನ್ನು ಕೊಟ್ಟು ಪರೀಕ್ಷಿಸಲು ಸೂಚಿಸಿದ. ರುಂಗೆ ಅದರಿಂದ ಕೆಫೀನನ್ನು ಬೇರ್ಪಡಿಸಿದ. 1827ರಲ್ಲಿ ಚಹಾ ಎಲೆಯಿಂದ ದೊರೆತ ವಸ್ತುವಿಗೆ ಥೀನ್ ಎಂಬ ಹೆಸರಿಡಲಾಯಿತು. ಅದು ಕೆಫೀನ್‌ಗಿಂತ ಬೇರೆಯಲ್ಲ ಎಂಬುದು 1838ರಲ್ಲಿ ಖಚಿತವಾಯಿತು. ಎಮಿಲ್ ಫಿಷರ್ 1895ರಲ್ಲಿ ಕೆಫೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ.

ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತುವು ಹೆಚ್ಚುತ್ತಾ ಹೋಗಿ ನಿದ್ರೆಯನ್ನು ಬರಿಸುತ್ತದೆ. ಅಡಿನೋಸಿನ್ ಕೂಡುವ ತಾಣಗಳಲ್ಲಿ ಕೆಫೀನ್ ಮೊದಲೇ ಕುಳಿತು ಅದನ್ನು ತಡೆಯುತ್ತದೆ. ಅದು ಹೊಸ ಶಕ್ತಿಯನ್ನು ಕೊಡುವುದಿಲ್ಲ; ದಣಿವಿನ ಸೂಚನೆಯನ್ನು ಮರೆಮಾಡುತ್ತದೆ. ಅರೇಬಿಕಾ ಬೀಜದ ತೂಕದಲ್ಲಿ ಸುಮಾರು 1.2 ಶೇಕಡಾ, ರೊಬಸ್ಟಾ ಬೀಜದಲ್ಲಿ ಸುಮಾರು 2.2 ಶೇಕಡಾ ಕೆಫೀನ್ ಇರುತ್ತದೆ. ರೊಬಸ್ಟಾ ಪ್ರಮಾಣ ಹೆಚ್ಚಿದಷ್ಟೂ ಲೋಟದಲ್ಲಿನ ಕೆಫೀನ್ ಹೆಚ್ಚುತ್ತದೆ. ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣವು 51 ಶೇಕಡಾಕ್ಕಿಂತ ಕಡಿಮೆ ಇರಕೂಡದೆಂದು ಭಾರತದ ಆಹಾರ ನಿಯಮಗಳು ಹೇಳುತ್ತವೆ.

ಉತ್ತರ ಕರ್ನಾಟಕದಲ್ಲಿ ಕಾಫಿಗಿಂತ ಚಹಾದ ಬಳಕೆ ಹೆಚ್ಚು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಗಳಲ್ಲಿ ಬಂದವರಿಗೆ ಮೊದಲು ಕೊಡುವುದು ಚಹಾ. ಆದರೆ ಎರಡು ಪಾನೀಯಗಳಲ್ಲಿಯೂ ಇರುವ ಉತ್ತೇಜಕ ಒಂದೇ. ಚಹಾದ ಒಂದು ಲೋಟದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಕಡಿಮೆ. 1886ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಹುಟ್ಟಿದ ಕೋಕಾಕೋಲಾ ಪಾನೀಯದಲ್ಲಿ ಕೆಫೀನ್ ಜೊತೆಗೆ ಕೋಕಾ ಎಲೆಯ ಸತ್ವವೂ ಇತ್ತು. 20ನೇ ಶತಮಾನದ ಆರಂಭದಲ್ಲಿ ಕೊಕೇನ್ ಅಂಶವನ್ನು ತೆಗೆಯಲಾಯಿತು, ಕೆಫೀನ್ ಉಳಿಯಿತು. ಕೆಫೀನ್ ತೆಗೆದ ಕಾಫಿಯನ್ನು ತಯಾರಿಸುವಾಗ ಉಳಿಯುವ ಕೆಫೀನ್ ಕೂಡ ತಂಪು ಪಾನೀಯಗಳ ತಯಾರಿಕೆಗೆ ಹೋಗುತ್ತದೆ. ಎಚ್ಚರ ಕೊಡುವ ಪಾನೀಯಗಳೆಂದು ಮಾರಾಟವಾಗುವವುಗಳಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಮಿತಿ ಹಾಕಿದೆ. ಅವು ಮಕ್ಕಳಿಗೂ ಗರ್ಭಿಣಿಯರಿಗೂ ತಕ್ಕುದಲ್ಲವೆಂದು ಡಬ್ಬಿಯ ಮೇಲೆ ಮುದ್ರಿಸಬೇಕು.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗಿನ ಕೆಫೀನ್ ಸಾಮಾನ್ಯವಾಗಿ ಅಪಾಯಕಾರಿಯಲ್ಲವೆಂದು ಯುರೋಪ್ ಮತ್ತು ಅಮೆರಿಕದ ಆಹಾರ ಸಂಸ್ಥೆಗಳು ಪರಿಗಣಿಸಿವೆ. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟಾಗ ತಲೆನೋವು, ಮಂಕು, ಸಿಡುಕು ಕಾಣಿಸಿಕೊಳ್ಳುತ್ತವೆ. ಬೆಳಗಿನ ಕಾಫಿ ಸಿಗದ ದಿನ ಬರುವ ತಲೆನೋವು ಬಹುತೇಕ ಇದೇ. ಗಾಂಧೀಜಿಯವರು ಆರೋಗ್ಯದ ಕುರಿತ ಬರಹಗಳಲ್ಲಿ ಚಹಾ, ಕಾಫಿ, ಕೋಕೋಗಳು ದೇಹಕ್ಕೆ ಅಗತ್ಯವಲ್ಲವೆಂದು ಅಭಿಪ್ರಾಯಪಟ್ಟಿದ್ದರು. ಮೆಕ್ಕಾದ 1511ರ ಚರ್ಚೆಯು ಬೇರೆ ಬೇರೆ ರೂಪಗಳಲ್ಲಿ ಮುಂದುವರಿದಿದೆ.

ಗುಹಾಸ್ಥಾನ

ಬಾಬಾಬುಡನ್‌ಗಿರಿಯ ಗುಹೆಯು ಹಿಂದೂ ಮತ್ತು ಮುಸ್ಲಿಂ ಭಕ್ತರಿಬ್ಬರಿಗೂ ಪವಿತ್ರವಾದುದು. ಹಿಂದೂಗಳು ಅದನ್ನು ದತ್ತಾತ್ರೇಯ ಸ್ವಾಮಿಯ ಪೀಠವೆಂದೂ ಮುಸ್ಲಿಮರು ದಾದಾ ಹಯಾತ್ ಮೀರ್ ಖಲಂದರ್ ಹಾಗೂ ಬಾಬಾ ಬುಡನ್ ಅವರ ದರ್ಗಾ ಎಂದೂ ಪೂಜಿಸುತ್ತಾರೆ. ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಎಂಬ ಹೆಸರಿನಲ್ಲಿಯೇ ಎರಡೂ ನಂಬಿಕೆಗಳು ಕೂಡಿಕೊಂಡಿವೆ. ಇಲ್ಲಿ ಉರುಸ್ ಮತ್ತು ದತ್ತ ಜಯಂತಿ ಎರಡೂ ನಡೆಯುತ್ತವೆ. ಸಮೀಪದ ಮಾಣಿಕ್ಯಧಾರಾ ಜಲಪಾತದಲ್ಲಿ ಎರಡೂ ಸಮುದಾಯಗಳ ಭಕ್ತರು ಸ್ನಾನ ಮಾಡುತ್ತಾರೆ.

ಸ್ಥಾನದ ಆಡಳಿತವು ಮುಜರಾಯಿ ಇಲಾಖೆಗೆ ಸೇರಬೇಕೆ, ವಕ್ಫ್ ಮಂಡಳಿಗೆ ಸೇರಬೇಕೆ ಎಂಬ ವ್ಯಾಜ್ಯವು 1970ರ ದಶಕದಲ್ಲಿ ಆರಂಭವಾಯಿತು. 1975ಕ್ಕಿಂತ ಮೊದಲು ನಡೆದುಬಂದ ಆಚರಣೆಗಳು ಯಾವುವು ಎಂಬುದು ನ್ಯಾಯಾಲಯಗಳ ಮುಂದೆ ಬಂದ ಮುಖ್ಯ ಪ್ರಶ್ನೆಗಳಲ್ಲಿ ಒಂದು. 1990ರ ದಶಕದ ಕೊನೆಯಿಂದ ಈ ವಿಷಯವು ರಾಜ್ಯ ರಾಜಕಾರಣದಲ್ಲಿಯೂ ಪ್ರಮುಖವಾಗಿದೆ.

ಸ್ಮರಣೆ

ಸಂತರ ಹೆಸರು ಗಿರಿಗೆ ಮಾತ್ರವಲ್ಲದೆ ಅಲ್ಲಿ ಬೆಳೆಯುವ ಕಾಫಿಗೂ ಸಂದಿದೆ. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕೊಡಗು ಅರೇಬಿಕಾ ಮತ್ತು ಚಿಕ್ಕಮಗಳೂರು ಅರೇಬಿಕಾ ಕಾಫಿಗಳಿಗೂ ಅದೇ ವರ್ಷ ಈ ಮಾನ್ಯತೆ ಲಭಿಸಿತು. ಭಾರತದ ಕಾಫಿಯನ್ನು ಕುರಿತ ಪುಸ್ತಕಗಳು ಮತ್ತು ಕಾಫಿ ಮಂಡಳಿಯ ಪ್ರಕಟಣೆಗಳು ಬಾಬಾ ಬುಡನ್ ಅವರ ಹೆಸರಿನಿಂದಲೇ ಆರಂಭವಾಗುವುದು ರೂಢಿ.

ಸೂಫಿ ಸಾಧಕರಿಗೆ ಕಾಫಿಯು ರಾತ್ರಿಯ ಪ್ರಾರ್ಥನೆಗೆ ಎಚ್ಚರವಾಗಿರುವ ಸಾಧನವಾಗಿತ್ತು. ಇಂದು ಅದು ಬೆಳಗಿನ ಕೆಲಸಕ್ಕೆ ಎಚ್ಚರಗೊಳ್ಳುವ ಸಾಧನವಾಗಿದೆ. ಬಾಬಾಬುಡನ್‌ಗಿರಿಯ ಇಳಿಜಾರುಗಳಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟಗಳೆಲ್ಲ ಬಿಳಿಯ ಹೂಗಳಿಂದ ತುಂಬುತ್ತವೆ.